ಹೊಲದ ಕೆಳಗಿನ ವೈರು

ಜಗತ್ತಿನ ಜನರೆಲ್ಲ ಮೊದಲು ಕಾರು ಕೊಳ್ಳುತ್ತಾರೆ, ಆಮೇಲೆ ಅದನ್ನು ನಿಲ್ಲಿಸಲು ಜಾಗ ಹುಡುಕುತ್ತಾರೆ. ಪುಣೆಯ ಬಿಬವೇವಾಡಿಯ ಅಪ್ಪಾಸಾಹೇಬರು ಮೊದಲು ಗ್ಯಾರೇಜು ಕಟ್ಟಿಸಿದರು. ಕಾರು ಇವತ್ತಿಗೂ ಬಂದಿಲ್ಲ. ಪುಣೆಯೊಂದೇ ಏಕೆ, ಮುಂಬಯಿಯಿಂದ ಅಥಣಿಯ ತನಕ ಊರೂರು ಜಾಲಾಡಿದರೂ ಪೆಟ್ರೋಲಿನ ವಾಸನೆಯೇ ಅರಿಯದ ಇಂಥ ಶುದ್ಧ ಗ್ಯಾರೇಜು ಇನ್ನೊಂದು ಸಿಗಲಾರದು. ಬಾಗಿಲು ಮಾತ್ರ ಆನೆ ಅಂಬಾರಿ ಸಮೇತ ಒಳಗೆ ಹೋಗುವಷ್ಟು ದೊಡ್ಡದು. ಒಳಗಿದ್ದದ್ದು ಮುರಿದ ಹೊರಸು, ಹಿತ್ತಾಳೆ ಹಂಡೆ, ಬೆಲ್ಲದ ಖಾಲಿ ಚೀಲಗಳು, ನಡುವೆ ತೂಗುವ ಒಂದು ಬಲ್ಬು.

ಮನೆಯ ಹಿತ್ತಲ ಬಾಗಿಲಿಗೂ ಈ ಗ್ಯಾರೇಜಿಗೂ ನಡುವೆ ಒಂದು ತುಂಡು ನೆಲವಿತ್ತು. ಎರಡು ಎತ್ತು ಮಲಗಿದರೆ ಮೂರನೆಯದಕ್ಕೆ ಬಾಲ ಚಾಚಲು ಎಡೆಯಿಲ್ಲದಷ್ಟು ಸಣ್ಣದು. ಆದರೂ ಆ ಮನೆಯಲ್ಲಿ ಅದರ ಹೆಸರು ಹೊಲ. ಒಡತಿ ಶಿವಬಸವ್ವ, ಅಪ್ಪಾಸಾಹೇಬರ ಹೆಂಡತಿ.

ಅಥಣಿ ಕಡೆಯ ನಿಜವಾದ ಹೊಲ ಅಣ್ಣತಮ್ಮಂದಿರಲ್ಲಿ ಪಾಲಾದಾಗ ಅಪ್ಪಾಸಾಹೇಬರು ತಮ್ಮ ಪಾಲನ್ನು ತಮ್ಮನಿಗೇ ಮಾರಿ, ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ಅಂಗಡಿ ಹಾಕಿ ಈ ಮನೆ ಕಟ್ಟಿಸಿದರು. ಶಿವಬಸವ್ವ ಅಳಲಿಲ್ಲ, ಜಗಳಾಡಲಿಲ್ಲ. ಒಂದೇ ಕರಾರು ಹಾಕಿದಳು.

"ಹೊಲ ಬೇಕಾದ್ರ ಮಾರ್ರಿ. ಹೊಲದ ಮಣ್ಣು ಒಂದು ಟೆಂಪೋ ನನ್ನ ಸಂಗಾಟ ಬರಬೇಕು. ಇಲ್ಲಾಂದ್ರ ನಾ ಬರೂದಿಲ್ಲ."

ಟೆಂಪೋ ಬಂತು. ಡ್ರೈವರನ ಪಕ್ಕ ಶಿವಬಸವ್ವ, ತೊಡೆಯ ಮೇಲೆ ಮಗ, ಬೆನ್ನ ಹಿಂದೆ ಕಾಡಿಗೆಯಂಥ ಎರಿಮಣ್ಣು. ಜಕಾತಿ ನಾಕೆಯವರು ಮಣ್ಣಿನೊಳಗೆ ಏನೋ ಹುಗಿದಿದ್ದಾರೆಂದು ಕಬ್ಬಿಣದ ಸಲಾಕೆ ಚುಚ್ಚಿ ಚುಚ್ಚಿ ನೋಡಿದರಂತೆ. "ಕಾಯ್ ಆಹೆ ಯಾತ?" ಎಂದು ಒಳಗೇನಿದೆಯೆಂದು ಕೇಳಿದವರಿಗೆ ಮರಾಠಿ ಬಾರದ ಶಿವಬಸವ್ವ ಕನ್ನಡದಲ್ಲೇ, "ನನ್ನ ಹೊಲ" ಎಂದಳು. ಅವರು ಕೈಮುಗಿದು ಬಿಟ್ಟರು.

ಅಂದಿನಿಂದ ಪ್ರತಿ ವರ್ಷ ಗಣಪತಿ ಹೋದ ಮೇಲೆ ಆ ತುಂಡಿನಲ್ಲಿ ಜೋಳ ಬಿತ್ತುತ್ತಿದ್ದಳು. ಎಳ್ಳಮಾವಾಸ್ಯೆಗೆ ಊರಿನ ಕಡೆ ಜನ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂಮಿತಾಯಿಗೆ ಅಡಿಗೆ ಚೆಲ್ಲಿ ಬರುವಂತೆ, ಈ ಮನೆಯವರು ಚಪ್ಪಲಿಯನ್ನೂ ಮೆಟ್ಟದೆ ಹಿತ್ತಲ ಬಾಗಿಲು ದಾಟಿ ಚರಗ ಚೆಲ್ಲುತ್ತಿದ್ದರು. ಮಹಾರಾಷ್ಟ್ರದ ಹಕ್ಕಿಗಳೆಲ್ಲ ಅಂದು ಅಲ್ಲೇ ಊಟಕ್ಕೆ ಕೂಡುತ್ತಿದ್ದವು.

ಆ ಮಣ್ಣಿನ ಇನ್ನೊಂದು ಮಹಿಮೆಯನ್ನು ಶಿವಬಸವ್ವ ಓಣಿಯಲ್ಲಿ ಸಾರದ ದಿನವಿಲ್ಲ. "ಎಲ್ಲಾರ ಮಣ್ಣು ಮಳಿಗಿ ಹರದು ಹೋಗ್ತದ. ನಂದು ಬೆಳೀತದ!" ಸುಳ್ಳಲ್ಲ. ಹಿತ್ತಲ ಬಾಗಿಲಿಗೆ ಮೊದಲು ನಾಲ್ಕು ಮೆಟ್ಟಿಲಿದ್ದವು. ಕೆಳಗಿನ ಮೂರೂ ವರ್ಷವರ್ಷಕ್ಕೆ ಮುಳುಗಿ ಈಗ ಕಾಣುವುದೇ ಇಲ್ಲ. ಈಚಿನ ಕೆಲವು ವರ್ಷ ಮಾತ್ರ ಬೆಳೆತ ನಿಂತಿತ್ತು. "ಅದಕ್ಕೂ ವಯಸ್ಸಾತು" ಎಂದು ಶಿವಬಸವ್ವ ಸಮಾಧಾನ ಮಾಡಿಕೊಂಡಿದ್ದಳು.

ಇಂಥ ಹೊಲದ ಹೊಟ್ಟೆಯೊಳಗೆ ಗ್ಯಾರೇಜಿನ ಬಲ್ಬಿಗೆ ಹೋಗುವ ವೈರಿತ್ತು. ಕೆಳಗಿನ ಎರಡು ಮೆಟ್ಟಿಲು ಮುಳುಗಿದ ವರ್ಷ ಅಪ್ಪಾಸಾಹೇಬರು ಸ್ವತಃ ಹುಗಿದದ್ದು. "ನಾ ಹಾಕಿದ ವೈರು! ಸರಕಾರ ಬೀಳಬಹುದು, ಇದು ಹೋಗೂದಿಲ್ಲ" ಎಂದು ಅವರು ಹೇಳದ ಅತಿಥಿಯಿಲ್ಲ.

ದೀಪಾವಳಿ ಮುಗಿದ ಒಂದು ಭಾನುವಾರ ಅದು ಹೋಯಿತು.

ಹೋಗಲು ಕಾರಣ ಸೊಸೆ ಮಾಧುರಿ. ಅವಳ ಶೇಂಗಾ ಚಟ್ನಿ ತಿಂದವರು ಆಮೇಲೆ ಉಳಿದ ಚಟ್ನಿಗಳನ್ನು ಕಂಡು ಅಳುತ್ತಿದ್ದರು. ವಾಕಡದ ಒಂದು ಅಂಗಡಿಯವನು, ಐಟಿ ಕೆಲಸಕ್ಕೆ ಬಂದ ಬೆಂಗಳೂರು-ಹುಬ್ಬಳ್ಳಿ ಹುಡುಗರು ಪ್ರಾಣ ತಿನ್ನುತ್ತಾರೆ, ಸಂಕ್ರಾಂತಿಯಿಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಎಷ್ಟಿದ್ದರೂ ಕೊಡಿ ಎಂದಿದ್ದ. ಮಾಧುರಿ ಗ್ಯಾರೇಜು ಗುಡಿಸಿ, ಸುಣ್ಣ ಬಳಿದು, ಚಟ್ನಿ ಕುಟ್ಟುವ ಮಷೀನು ತಂದು ಕೂರಿಸಿದಳು. ಆ ಭಾನುವಾರ ಮನೆಯವರು ಎಣ್ಣಿಗಾಯಿ ಊಟಕ್ಕೆ ಕೂತಾಗ ಮಷೀನಿನ ಗುಂಡಿ ಒತ್ತಿದಳು. ಗ್ಯಾರೇಜಿನ ಬಲ್ಬು ಒಮ್ಮೆ ಮಿಂಚುಹುಳದಂತಾಗಿ ಸತ್ತಿತು. ಅದರ ಹಿಂದೆ ಮನೆಯ ಟಿವಿ, ಫ್ಯಾನು, ಫ್ರಿಜ್ಜು ಎಲ್ಲ ಸಹಗಮನ ಮಾಡಿದವು.

"ಮ್ಯಾಚ್!" ಎಂದು ಮಗ ಶಿವಪ್ರಕಾಶ ಚೀರಿದ. ಮಗರಪಟ್ಟಾದ ಆಫೀಸೊಂದರಲ್ಲಿ ವಾರವಿಡೀ ಲೆಕ್ಕ ಬರೆಯುವ ಅವನಿಗೆ ಭಾನುವಾರದ ಮ್ಯಾಚೇ ದೇವರು.

"ಅಜ್ಜಾ, ಸರಕಾರ ಬಿತ್ತು ನೋಡ್ರಿ" ಎಂದಳು ಮೊಮ್ಮಗಳು ಶೈಲಾ. ಕಾಲೇಜಿಗೆ ಹೋಗುವ ಅವಳ ನಾಲಗೆಗೆ ರಜೆ ಇರುತ್ತಿರಲಿಲ್ಲ.

ಈಗ ಅಪ್ಪಾಸಾಹೇಬರು ಎದ್ದು, ವೈರಿನದು ತಪ್ಪಲ್ಲ, ಮಷೀನಿನದು, ಸೊಸೆಯದು ಎಂದು ಗರ್ಜಿಸುತ್ತಾರೆಂದು ಎಲ್ಲರೂ ಕಾದರು. ಅವರು ರೊಟ್ಟಿ ಮುರಿದು, "ಹೋಗ್ತದ, ವೈರು ಅಂದಮ್ಯಾಲ" ಎಂದು ಬಾಯಿಗೆ ಹಾಕಿಕೊಂಡರು. ಶಿವಬಸವ್ವ ಗಂಡನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ.

ಮರುದಿನ ಎಲೆಕ್ಟ್ರಿಷಿಯನ್ ಕಿಶೋರ ಬಂದ. ಸೊಲ್ಲಾಪುರದವನು, ಕರೀ ಗಾಗಲ್ಲು, ಕಿವಿಯ ಹಿಂದೆ ಟೆಸ್ಟರು. ಅವನೆದುರು ಅಪ್ಪಾಸಾಹೇಬರ ಬಡಾಯಿಯೂ ಸಂಸ್ಕೃತ ಪಾಠಶಾಲೆಯ ಹುಡುಗನಂತೆ ಕಾಣುತ್ತಿತ್ತು.

"ಟೆನ್ಶನ್ ನಕೋ ಅಜ್ಜಿ. ಅರ್ಧಾ ಪುಣೆಗೆ ಬೆಳಕು ಕೊಟ್ಟಾವ ನಾ, ನಿಮ್ಮ ಗ್ಯಾರೇಜ್ ಯಾವ ಲೆಕ್ಕ! ನೆಲದಾಗ ಎಲ್ಲೋ ಜೋಡು ಬಿಟ್ಟದ. ಹೊಲದಾಗಿಂದ ಸರಳ ತಗ್ಗು ತಗಿಯೂಣು, ದಪ್ಪ ಕೇಬಲ್ ಜೋಡಿಸಿ ಗ್ಯಾರೇಜಿನ ಹಿಂದಿನ ಗ್ವಾಡಿತನಕ ಒಯ್ಯೂಣು. ಮಷೀನಲ್ಲ, ಮಿಲ್ ಹಾಕ್ರಿ."

"ಹೊಲದಾಗ?" ಎಂದಳು ಶಿವಬಸವ್ವ. ಜೋಳ ಅವಳ ಸೊಂಟ ದಾಟಿ ನಿಂತಿತ್ತು. "ಚರಗ ಚೆಲ್ಲೂತನಕ ನನ್ನ ಹೊಲಕ್ಕ ಗುದ್ದಲಿ ಮುಟ್ಟಂಗಿಲ್ಲ. ಆಮ್ಯಾಲೂ ಮುಟ್ಟಂಗಿಲ್ಲ. ತೆಳಗಿನ ಗರಸು ಮುರಮು ಮ್ಯಾಲ ಬಂದು ನನ್ನ ಮಣ್ಣು ತೆಳಗ ಹೋತಂದ್ರ ಏನು ಬೆಳೀತದ ಅಲ್ಲಿ, ಕಲ್ಲು?"

"ಖರೆ ಅದ" ಎಂದು ಅಪ್ಪಾಸಾಹೇಬರು ಥಟ್ಟನೆ ಸೇರಿದರು. "ಹೊಲ ಮುಟ್ಟಬ್ಯಾಡಪಾ. ಕಂಪೌಂಡ್ ಗ್ವಾಡಿ ಗುಂಟ ಸುತ್ತ ಹಾಕಿ ಒಯ್ಯಿ."

ಮದುವೆಯಾದಂದಿನಿಂದ ಗಂಡ ತನ್ನ ಮಾತಿಗೆ ಹೌದೆಂದದ್ದು ಶಿವಬಸವ್ವನಿಗೆ ನೆನಪಿರಲಿಲ್ಲ. ಅವಳಿಗೆ ಕಣ್ಣು ತುಂಬಿ ಬಂತು, ಜೊತೆಗೆ ಅನುಮಾನವೂ ಬಂತು.

"ಗ್ವಾಡಿ ಗುಂಟ ನೀರಿನ ಪೈಪ್ ಅದ ಅಜ್ಜಾ. ಪೈಪ್ ಒಡದ್ರ ಗ್ಯಾರೇಜಿನ್ಯಾಗ ಕಾರಲ್ಲ, ದೋಣಿ ಇಡಬೇಕಾಗ್ತದ" ಎಂದು ಕಿಶೋರ ಗಾಗಲ್ಲು ಏರಿಸಿ ಹೊರಟುಹೋದ.

ಮುಂದಿನ ಕೆಲವು ವಾರ ಆ ಮನೆ ಒಂದು ಎಕ್ಸ್‌ಟೆನ್ಶನ್ ಬೋರ್ಡಿನ ಮೇಲೆ ನಡೆಯಿತು. ಅಡಿಗೆಮನೆಯ ಕಿಟಕಿಯಿಂದ ವೈರು ಹೊರಬಿದ್ದು, ಅರಿವೆ ಒಣಹಾಕುವ ತಂತಿಯ ಮೇಲೆ ಹಾದು, ಜೋಳದ ತೆನೆಗಳನ್ನು ಸವರಿ ಗ್ಯಾರೇಜು ಸೇರುತ್ತಿತ್ತು. ಮಷೀನು ಕುಟ್ಟಿದರೆ ಗೀಜರು ತಣ್ಣಗೆ, ಗೀಜರು ಕಾದರೆ ಮಷೀನು ಮೂಕ.

"ಅವ್ವಾ, ಬಂದ್ ಮಾಡ, ನಂದು ಸಾಬೂನು ಮೈಮ್ಯಾಲ ಅದ!" ಎಂದು ಶೈಲಾ ಬಚ್ಚಲಿನಿಂದ ಕೂಗುತ್ತಿದ್ದಳು.

"ಇದೊಂದು ಘಾಣಿ ಚಟ್ನಿ ಆಗಲಿ ತಡಿ!" ಎಂದು ಮಾಧುರಿ ಗ್ಯಾರೇಜಿನಿಂದ ಕೂಗುತ್ತಿದ್ದಳು. ಈ ಸಂಭಾಷಣೆ ಕಾತ್ರಜ್ ಘಾಟಿನ ಆಚೆಗೂ ಕೇಳಿಸುತ್ತಿತ್ತು.

ಒಂದು ದಿನ ಬೋರ್ಡು ಸುಟ್ಟು ವಾಸನೆ ಬಂತು. ಶಿವಪ್ರಕಾಶ ಅದನ್ನು ಕಿತ್ತು ಬಿಸಾಡಿ, "ಮನಿ ಸುಟ್ಟುಕೊಂಡು ಚಟ್ನಿ ಮಾಡೂದು ಬ್ಯಾಡ" ಎಂದ. ಮಾಧುರಿ ಹಳೆಯ ಒಳ್ಳು ತೊಳೆದು, ಹಾರೆ ಹಿಡಿದು ಕೈಯಿಂದಲೇ ಕುಟ್ಟತೊಡಗಿದಳು. ಮನೆಯಿಡೀ ಧಡ್ ಧಡ್ ಎನ್ನತೊಡಗಿತು. ಅಂಗೈಯಲ್ಲಿ ಬೊಬ್ಬೆ ಎದ್ದವು. ಊಟಕ್ಕೆ ಬಡಿಸುವಾಗ ಅವಳು ಸೌಟನ್ನು ಬೆರಳ ತುದಿಯಲ್ಲಿ ಹಿಡಿಯುತ್ತಿದ್ದುದನ್ನು ಶಿವಬಸವ್ವ ನೋಡಿದಳು.

"ಅಷ್ಟು ಹಟಾ ಯಾಕ ಮಾಡ್ತಿ? ವಾಕಡದಾವಗ ಆಗೂದಿಲ್ಲ ಅಂತ ಹೇಳು. ನಮಗೇನು ಉಣ್ಣಾಕ ಕಡಿಮಿ ಆಗೇದ?"

ಮಾಧುರಿ ಸೌಟು ಕೆಳಗಿಟ್ಟಳು. "ಅತ್ತಿ, ನೀವು ಬರುವಾಗ ಒಂದು ಟೆಂಪೋ ಹೊಲ ತಂದ್ರಿ. ನಾ ನಿಪ್ಪಾಣಿಯಿಂದ ಒಂದು ಸೂಟ್‌ಕೇಸ್ ತಂದೆ. ಅಡಗಿಮನಿ ನಿಮ್ಮದು, ಜಗಲಿ ಮಾಂವನವರದು, ಟಿವಿ ಇವರದು, ಕನ್ನಡಿ ಶೈಲಾಂದು. ನಂದು ಅಂತ ಈ ಮನ್ಯಾಗ ಯಾವ ಮೂಲಿ ಅದ ತೋರಸ್ರಿ. ಯಾರಿಗೂ ಬ್ಯಾಡಾದ ಗ್ಯಾರೇಜ್ ಒಂದು ಕೇಳಿದೆ. ಅದಕ್ಕ ಬೆಳಕಿಲ್ಲ."

ಶಿವಪ್ರಕಾಶ ಖಾಲಿ ತಾಟಿನಲ್ಲಿ ಏನೋ ಹುಡುಕತೊಡಗಿದ.

ಶಿವಬಸವ್ವ ಕೈತೊಳೆದು ಹಿತ್ತಲ ಮೆಟ್ಟಿಲ ಮೇಲೆ ಹೋಗಿ ಕೂತಳು. ಜೋಳ ತೆನೆ ಬಿಟ್ಟು ಹಾಲುಗಟ್ಟುತ್ತಿತ್ತು. ಊರ ಹೊಲದಲ್ಲಾದರೆ ಬನ್ನಿಗಿಡದ ನೆರಳಿನಲ್ಲಿ ಬುಟ್ಟಿ ಇಳಿಸಿ, ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ ಬಿಚ್ಚುವ ದಿನಗಳು. ಅತ್ತೆ ಅಲ್ಲಿ ಒಂದು ಸಾಲು ತೋರಿಸಿ, "ಈ ಸಾಲಿನ ಅವರಿಕಾಯಿ ನಿಂದು, ಮಾರಿ ಬಳಿ ಇಟ್ಕೋ, ಯಾರಿಗೂ ಹೇಳಬ್ಯಾಡ" ಎಂದಿದ್ದಳು. ಒಂದೇ ಸಾಲು. ಆ ಸಾಲಿಗೆ ಶಿವಬಸವ್ವ ದಿನಕ್ಕೆ ಹತ್ತು ಸಲ ಹೋಗಿ ಬರುತ್ತಿದ್ದಳು. ಅತ್ತೆ ಸತ್ತ ವರ್ಷವೂ ಆ ಸಾಲಿನಲ್ಲಿ ಅವರೆ ಹೂಬಿಟ್ಟಿತ್ತು.

ಅವಳು ಒಳಗೆ ಬಂದು, "ಶೈಲಾ, ಕಿಶೋರಗ ಫೋನ್ ಹಚ್ಚು" ಎಂದಳು. "ಅಮಾಸಿ ಮುಂಚಿನ ದಿನ ಬರಲಿ. ಆದ್ರ ಮಣ್ಣು ನಾ ಹೇಳಿದಂಗ ತಗೀಬೇಕು. ಕರಿಮಣ್ಣು ಈ ಕಡೆ ತಾಡಪತ್ರಿ ಮ್ಯಾಲ, ಮುರಮು ಆ ಕಡೆ. ಒಂದು ಮುಷ್ಟಿ ಕಲಿಯಂಗಿಲ್ಲ."

ಮಾಧುರಿ ನಂಬದೆ ನೋಡಿದಳು. ಅವಳಿಗಿಂತ ಹೆಚ್ಚು ಬೆಚ್ಚಿದವರು ಅಪ್ಪಾಸಾಹೇಬರು.

"ಏ ಬ್ಯಾಡ ಬಿಡ, ನಿನ್ನ ಹೊಲ ಹಾಳಾಗ್ತದ!"

"ನನ್ನ ಹೊಲ ನಾ ನೋಡ್ಕೋತೀನಿ."

"ಹಂಗಾರ ಅವತ್ತು ನಾವಿಬ್ರೂ ಲೋಣಾವಳಾಕ್ಕ ಹೋಗಿ ಬರೂಣು ನಡಿ. ಚಿಕ್ಕಿ ಕೊಡಸ್ತೀನಿ."

"ಪುಣೆಗೆ ಬಂದಾಗಿಂದ ಲೋಣಾವಳಾ ತೋರಸ್ತೀನಿ ಅಂತೀರಿ. ಅವತ್ತ ನೆನಪಾಗಬೇಕೇನು? ಈಗ ಚಿಕ್ಕಿ ತಿನ್ನಾಕ ನನ್ನ ಹಲ್ಲಾರ ಎಲ್ಲಿ ಅದಾವ್ರಿ?"

ಆ ದಿನ ಕಿಶೋರ ಇಬ್ಬರು ಆಳುಗಳೊಂದಿಗೆ ಬಂದ. ಶಿವಬಸವ್ವ ತಗ್ಗು ಹಾಯುವ ಜಾಗದ ತೆನೆಗಳನ್ನು ತಾನೇ ಕೊಯ್ದು ಬುಟ್ಟಿಗೆ ಹಾಕಿ, ಸ್ಟೂಲಿನ ಮೇಲೆ ದಂಡನಾಯಕನಂತೆ ಕೂತಳು. ಗುದ್ದಲಿ ಬಿತ್ತು. ಮೊಣಕೈ ಆಳದಲ್ಲಿ ಹಳೆಯ ವೈರು ಸಿಕ್ಕಿತು. ನಡುವಿನ ಜೋಡು ಬಿಚ್ಚಿ, ತಾಮ್ರ ಎಳೆಎಳೆಯಾಗಿ ಹರಿದಿತ್ತು.

"ಅಬಬಬ! ಎರಡೂ ಕಡೆ ಎತ್ತು ಕಟ್ಟಿ ಜಗ್ಗಿದಂಗ ಆಗೇದಲ್ರೀ! ಅಜ್ಜಾ, ಹೆಂಗ ಹಾಕಿದ್ರಿ ಇದನ್ನ?"

ಅಪ್ಪಾಸಾಹೇಬರು ಆಕಾಶ ನೋಡಿದರು.

"ಅವರ ತಪ್ಪಲ್ಲದು" ಎಂದಳು ಶಿವಬಸವ್ವ. "ಎರಿಮಣ್ಣು. ಬ್ಯಾಸಿಗ್ಯಾಗ ಬಿರೀತದ, ಮಳಿಗಾಲದಾಗ ಉಬ್ಬತದ. ನಮ್ಮೂರಾಗ ಬಾಂವಿ ಗ್ವಾಡಿನ ಸೀಳಿ ಹಾಕ್ತಿತ್ತು. ಇದರಾಗ ಜೋಡು ಹಾಕಿದ್ರ ನಿನ್ನ ದಪ್ಪ ಕೇಬಲ್ಲೂ ಉಳಿಯೂದಿಲ್ಲ. ಮುರಮು ಮುಟ್ಟೂತನಕ ತಗಿ. ನನ್ನ ಮಣ್ಣಿನ ತೆಳಗಿಂದ ಹೋಗಲಿ ವೈರು, ಒಂದ ತುಂಡಾಗಿ. ಮುರಮು ಅಲಗಾಡೂದಿಲ್ಲ. ಇನ್ನೊಂದು ಗೇಣು ತಗದ್ರ ಬರ್ತದ ನೋಡು."

ಗೇಣು ತೆಗೆದರು. ಮುರಮು ಬರಲಿಲ್ಲ. ಇನ್ನೊಂದು ಗೇಣು ತೆಗೆದರು. ಕಪ್ಪೇ ಕಪ್ಪು. ಆಳಿನ ತೊಡೆ ಮುಳುಗಿತು. ಒಂದು ಟೆಂಪೋ ಮಣ್ಣನ್ನು ಹರಡಿದ್ದು ಶಿವಬಸವ್ವನ ಕೈಗಳೇ. ಅಂದು ಅದು ಅವಳ ಪಾದ ಮುಚ್ಚಿ ತುಸು ಮೇಲೆ ಬಂದಿತ್ತಷ್ಟೇ.

ಶೈಲಾ ತಗ್ಗಿಗೆ ಹಾರಿ ಗೋಡೆಯಂತೆ ಕಡಿದ ಮಗ್ಗುಲನ್ನು ಕೈಯಿಂದ ಸವರಿದಳು. "ಅಜ್ಜಿ, ಇಲ್ಲಿ ನೋಡ! ಬಾಕರವಡಿ ಆಗೇದ!"

ಪುಣೆಯ ಆ ಸುರುಳಿ ತಿಂಡಿಯಂತೆ ಮಣ್ಣು ಪದರ ಪದರವಾಗಿತ್ತು. ಕಪ್ಪು, ಅದರ ಮೇಲೆ ಮಳೆಗೆ ಬಂದು ಕೂತ ಕೆಂಪು ಧೂಳಿನ ಗೆರೆ, ಮತ್ತೆ ಕಪ್ಪು, ಮತ್ತೆ ಕೆಂಪು ಗೆರೆ. ಒಂದು ಕಡೆ ಕೊಳೆತ ಗೋಣಿಚೀಲದ ಅಂಚು ಹೊರಗೆ ನಾಲಗೆ ಚಾಚಿತ್ತು.

ಶಿವಬಸವ್ವ ಸ್ಟೂಲಿನಿಂದ ಇಳಿದಳು. ಮೇಲಿನ ಪದರದ ಹೆಂಟೆ ಒಡೆದು ಮೂಸಿದಳು. ಒಳಗೆ ಬಿಳಿ ಸುಣ್ಣದ ಹರಳು. "ಇದು ನಮ್ಮ ಬಾಂವಿ ಕಡೆ ಪಟ್ಟಿದು." ಇನ್ನೊಂದು ಪದರದ್ದು ಒಡೆದಳು. "ಇದು ಬನ್ನಿಗಿಡದ ಬುಡದ್ದು, ಉಸುಕು ಅದ." ಆಮೇಲೆ ಮೆಲ್ಲಗೆ ಗಂಡನತ್ತ ತಿರುಗಿದಳು. ಅಪ್ಪಾಸಾಹೇಬರು ಕಿಶೋರನ ಸ್ವಿಚ್ ಬಾಕ್ಸನ್ನು ತಲೆಕೆಳಗಾಗಿ ಹಿಡಿದು ಬಹಳ ಆಸಕ್ತಿಯಿಂದ ಓದುತ್ತಿದ್ದರು.

"ಏನ್ರಿ."

"ಆಂ?"

"ಏನಿದು?"

"ಮಣ್ಣು."

"ಎಲ್ಲೀದು?"

"ಮಣ್ಣು ಎಲ್ಲೀದಿರ್ತದ? ನೆಲದ್ದು."

"ಅಜ್ಜಾ!" ಎಂದಳು ಶೈಲಾ.

ಅಪ್ಪಾಸಾಹೇಬರು ಬಾಕ್ಸು ಕೆಳಗಿಟ್ಟರು. ಜೀವನದಲ್ಲಿ ಮೊದಲ ಸಲ ಅವರ ದನಿ ಮನೆಯ ಕಂಪೌಂಡು ದಾಟಲಿಲ್ಲ.

"ಬೆಲ್ಲಾ ತರಾಕ ಊರಿಗಿ ಹ್ವಾದಾಗೆಲ್ಲಾ ಹೊಲದಿಂದ ಒಂದೊಂದು ಚೀಲ ಮಣ್ಣು ತಂದೆ. ಲಾರಿ ಹೆಂಗೂ ಬರ್ತಿತ್ತು. ಮೊದಲನೇ ಮಳಿಗಿ ನಿನ್ನ ಮಣ್ಣು ಗಟಾರಕ್ಕ ಹರದು ಹೋಗಿತ್ತು. ನೀ ಸೆರಗು ಸಿಗಿಸಿಕೊಂಡು ಗಟಾರದಾಗಿಂದ ಬುಟ್ಟಿಲೆ ತಗೀಲಿಕ್ಕತ್ತಿದ್ದಿ. ನಾ ಗೇಟಿನ್ಯಾಗ ನಿಂತು ನೋಡಿದೆ... ಆಮ್ಯಾಲ ನೀ ಗುಡಿಗಿ ಹ್ವಾದಾಗ ಹರಡತಿದ್ದೆ. ಅಂಗಡಿ ಬಿಟ್ಟ ಮ್ಯಾಲ ನಿಂತುಹೋತು."

"ಒಂದು ಮಾತು ಹೇಳಬಾರದಾಗಿತ್ತೇನು? ಇಲ್ಲದ್ದು ಊರೆಲ್ಲ ಹೇಳ್ತೀರಿ!"

"ಹೆಂಗ ಹೇಳ್ಲಿ? ನೀ ಓಣಿ ತುಂಬ 'ನನ್ನ ಮಣ್ಣು ಬೆಳೀತದ, ನನ್ನ ಮಣ್ಣು ಬೆಳೀತದ' ಅಂತ ಹೇಳ್ಕೋತ ತಿರಗತಿದ್ದಿ."

ಕಿಶೋರ ಗಾಗಲ್ಲು ತೆಗೆದ. ಅವನಿಗೆ ಕಣ್ಣುಗಳಿವೆಯೆಂದು ಆ ಮನೆಯವರಿಗೆ ಅಂದೇ ಗೊತ್ತಾದದ್ದು. ಮಾಧುರಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು, ನಗುವೋ ಅಳುವೋ ತಿಳಿಯಲಿಲ್ಲ. ಶಿವಬಸವ್ವ ಕೈಯಲ್ಲಿದ್ದ ಹೆಂಟೆಯನ್ನು ಕರಿಮಣ್ಣಿನ ತಾಡಪತ್ರಿಯ ಮೇಲೆ ಮೆತ್ತಗೆ ಇಟ್ಟು, ಆಳುಗಳ ಕಡೆ ತಿರುಗಿ ಗದರಿಸಿದಳು.

"ಏನ ನೋಡ್ಕೋತ ನಿಂತೀರಿ? ಇನ್ನೂ ತೆಳಗ ತಗೀರಿ!"

ಮುರಮು ಸಿಕ್ಕಿತು. ಅದರೊಳಗೆ ಉಸುಕು ಹಾಸಿ, ಒಂದೇ ತುಂಡು ಕೇಬಲ್ ಮಲಗಿಸಿ, ಮೇಲೆ ಇಟ್ಟಿಗೆ ಮುಚ್ಚಿ, ಗ್ಯಾರೇಜಿನ ಹಿಂದಿನ ಗೋಡೆಯವರೆಗೆ ಒಯ್ದರು.

ಮರುದಿನ ಎಳ್ಳಮಾವಾಸ್ಯೆ. ತಗ್ಗು ಇನ್ನೂ ಬಾಯಿ ತೆರೆದೇ ಇತ್ತು. ಅದರ ಒಂದು ತುದಿಯಲ್ಲಿ ಶಿವಪ್ರಕಾಶ ಕುಳ್ಳು ಹೊತ್ತಿಸಿ, ಕೊಯ್ದ ತೆನೆಗಳನ್ನು ಸುಟ್ಟು, ಅಂಗೈಯಲ್ಲಿ ತಿಕ್ಕಿ ಬಿಸಿಬಿಸಿ ಸೀತನಿ ಉದುರಿಸಿದ. ಹೊಗೆಗೆ ಇಡೀ ಬಿಬವೇವಾಡಿ ಕೆಮ್ಮಿತು, ಆಮೇಲೆ ವಾಸನೆ ಹಿಡಿದು ಬಂದು ಒಂದೊಂದು ಮುಷ್ಟಿ ತಿಂದು ಹೋಯಿತು. ಅಪ್ಪಾಸಾಹೇಬರು ಮುಂದೆ ನೀರು ಚಿಮುಕಿಸುತ್ತ ನಡೆದರು. ಹಿಂದೆ ಶಿವಬಸವ್ವ ಚರಗದ ಕೂಗು ಹಾಕುತ್ತ ಮೊರದಿಂದ ಚೆಲ್ಲಿದಳು. "ಹುಲ್ಲುಲ್ಲಿಗೋ... ಚಳ್ಳಂಬರಿಗೋ..." ಮೊದಲ ಹಿಡಿ ಬಿದ್ದದ್ದು ತಗ್ಗಿನೊಳಕ್ಕೆ.

"ಅಜ್ಜಿ, ಕೇಬಲ್ಲಿಗೂ ಊಟಾ?" ಎಂದ ಕಿಶೋರ, ಹೋಳಿಗೆ ಕಚ್ಚುತ್ತ.

"ದುಡಿಯಾಂವ ಅಲ್ಲೇನು ಅಂವಾ. ಉಣ್ಣಲಿ."

ಮಣ್ಣು ಮುಚ್ಚುವಾಗ ಇಟ್ಟಿಗೆ, ಉಸುಕು ಜಾಗ ತಿಂದು ಒಂದು ಬುಟ್ಟಿ ಕರಿಮಣ್ಣು ಉಳಿಯಿತು. ಶಿವಬಸವ್ವ ಅದನ್ನು ಗ್ಯಾರೇಜಿನ ಬಾಗಿಲ ಪಕ್ಕ ಸುರಿದು ಕಾಲಿನಿಂದ ಒತ್ತಿದಳು. "ಇಲ್ಲಿ ಕರಿಬೇವು ಹಚ್ಚು" ಎಂದಳು ಸೊಸೆಗೆ. "ಚಟ್ನಿಗಿ ಬೇಕಾಗ್ತದ. ನಿನ್ನ ಮಣ್ಣು, ನೀ ನೋಡ್ಕೋ."

ಮಾಧುರಿ ಗುಂಡಿ ಒತ್ತಿದಳು. ಟಿವಿ ಆರಲಿಲ್ಲ, ಫ್ಯಾನು ನಿಲ್ಲಲಿಲ್ಲ. ಮಷೀನು ಧಡಧಡ ಕುಟ್ಟಿತು. ಸಂಕ್ರಾಂತಿಗೆ ವಾಕಡದ ಹುಡುಗರು ಆ ಚಟ್ನಿಗಾಗಿ ಹೊಡೆದಾಡಿದರೆಂದು ಸುದ್ದಿ. ಅಪ್ಪಾಸಾಹೇಬರು ಮೊದಲಿನಂತಾಗಿ, ಆ ಕೇಬಲ್ಲನ್ನು ತಾವೇ ನಿಂತು ಹಾಕಿಸಿದ್ದಾಗಿಯೂ ಅದಕ್ಕೆ ಪ್ರಳಯದ ಭಯವಿಲ್ಲವೆಂದೂ ಓಣಿಗೆಲ್ಲ ಹೇಳಿದರು. ಚೀಲಗಳ ಸುದ್ದಿ ಮಾತ್ರ ಎತ್ತಲಿಲ್ಲ. ಅದನ್ನು ಶಿವಬಸವ್ವ ಹೇಳುತ್ತಿದ್ದಳು. ಅವಳ ಬಾಯಲ್ಲಿ ಚೀಲಗಳು ಲಾರಿಗಳಾಗಿದ್ದವು.

ಮಾಘದಲ್ಲಿ ಊರಲ್ಲಿ ತಮ್ಮನ ಮೊಮ್ಮಗಳ ಮದುವೆ ಬಂತು. ಅಪ್ಪಾಸಾಹೇಬರು ಇಸ್ತ್ರಿ ಅಂಗಿ ತೊಟ್ಟು, ಕೈಚೀಲ ಹಿಡಿದು ಸ್ವಾರಗೇಟ್ ಬಸ್ ಸ್ಟ್ಯಾಂಡಿಗೆ ರಿಕ್ಷಾ ಕರೆಸಿದರು. ಮುಂಬಾಗಿಲಲ್ಲಿ ಶಿವಬಸವ್ವ ಬಂದು, ತೊಳೆದು ಒಣಗಿಸಿ ನಾಲ್ಕು ಮಡಿಕೆ ಮಾಡಿದ ಬೆಲ್ಲದ ಚೀಲವೊಂದನ್ನು ಅವರ ಕೈಗಿಟ್ಟಳು.

"ಇದ್ಯಾಕ?"

"ಮಣ್ಣು ಬೆಳೀಬೇಕಲ್ರೀ."